ಅರ್ಧ ತುಂಬಿದ ಕೆರೆ

ಅಕ್ಟೋಬರ್ 20, 2024, ಭಾನುವಾರ. ಅಯ್ಯನಕೆರೆ

ಬೆಳಿಗ್ಗೆ ಸಖರಾಯಪಟ್ಟಣ ದಾಟಿ ಕೆರೆ ಏರಿ ಹತ್ತಿದೆ. ಈ ವರ್ಷ ಮಳೆ ಕೈಬಿಡಲಿಲ್ಲ. ಹೋದ ವರ್ಷದ ಬರದಲ್ಲಿ ತೆಂಗಿಗೆ ಟ್ಯಾಂಕರ್ ನೀರು ಹಾಕಿಸಿದವರೆಲ್ಲ ಈಗ ಕೆರೆ ನೋಡಿ ಕೈ ಮುಗಿಯುತ್ತಿದ್ದಾರೆ. ನಮ್ಮಣ್ಣನೂ ಅವರಲ್ಲೊಬ್ಬ.

ನನ್ನ ಉದ್ದ ಲೆನ್ಸಿಗೆ ಮಾತ್ರ ಕೆಲಸವಿರಲಿಲ್ಲ. ನೀರುಕಾಗೆಗಳು ಮುಳುಗಿ ಏಳುತ್ತಿದ್ದವು, ಅಷ್ಟೇ. ಉದ್ದಗಾಲಿನವು ಒಂದೂ ಇಲ್ಲ. ಅವುಗಳ ಲೆಕ್ಕವೇ ಬೇರೆ. ಮೆಟ್ಟುಗಾಲು ಹಕ್ಕಿಗೆ ಹೆಚ್ಚೆಂದರೆ ಗೇಣುದ್ದ ನೀರು, ಗದ್ದೆ ಗೊರವಕ್ಕೆ ಬೆರಳುದ್ದ, ಕುತ್ತಿಗೆಗೆ ಕಪ್ಪು ಪಟ್ಟಿ ಕಟ್ಟಿಕೊಂಡ ಪುಟ್ಟ ಗೊರವಕ್ಕೆ ಬರೀ ಪಸೆ. ಅದಕ್ಕಿಂತ ಆಳವಾದರೆ ಅವುಗಳ ಪಾಲಿಗೆ ಅದು ಕೆರೆಯೇ ಅಲ್ಲ.

ಇಲ್ಲಿಂದ ಹೊರಡುವ ವೇದಾ, ಮದಗದ ಕೆರೆಯಿಂದ ಬರುವ ಅವತಿ ಎರಡೂ ಕಡೂರಿನ ಹತ್ತಿರ ಕೂಡಿ ವೇದಾವತಿಯಾಗುತ್ತವೆ. ಹೊಳೆ ಮೈದುಂಬಿದೆ. ಹಕ್ಕಿಗೆ ಇನ್ನೂ ಕಾಯಬೇಕು.

ನವೆಂಬರ್ 3, ಭಾನುವಾರ. ತರೀಕೆರೆ

ಹಬ್ಬಕ್ಕೆ ಮಾವನವರ ಮನೆ. ಊಟವಾದ ಮೇಲೆ ಮ್ಯಾಕ್ರೋ ಲೆನ್ಸ್ ಹಿಡಿದು ತೋಟಕ್ಕೆ ಹೊರಟೆ. "ಏನ್ ಅಳಿಯಂದ್ರೆ, ಅಡಿಕೆ ಬಿಟ್ಟು ಇರುವೆ ನೋಡ್ತೀರಲ್ಲ" ಎಂದರು ಮಾವ.

ಬೇಲಿಯ ಮಾವಿನ ಮರದಲ್ಲಿ ಕೆಂಜಿಗದ ಗೂಡು. ಎಲೆ ಹೊಲಿದುಕೊಂಡು ನೂರಾರು ಓಡಾಡುತ್ತಿವೆ. ಅದರ ಪಕ್ಕದ ಎಲೆಯಲ್ಲಿ ಒಂದು ಕೆಂಜಿಗ ಮಾತ್ರ ಗುಂಪಿಗೆ ಸೇರದೆ ಒಂಟಿಯಾಗಿ ನಿಂತಿತ್ತು. ವ್ಯೂಫೈಂಡರಿನಲ್ಲಿ ಹತ್ತಿರ ಹೋದರೆ ಕಾಲು ಎಂಟು! ಇರುವೆಯ ವೇಷದ ಜಿಗಿಜೇಡ. ಮುಂದಿನ ಎರಡು ಕಾಲನ್ನು ಮೀಸೆಯ ಹಾಗೆ ಮೇಲೆತ್ತಿ ಆಡಿಸುತ್ತಿದೆ. ನಡು ಸಣ್ಣ, ಮೈಬಣ್ಣ ಅದೇ ಕೆಂಪು. ಗಂಡಿನ ದವಡೆಯಂತೂ ಎಷ್ಟು ಉದ್ದವೆಂದರೆ, ಇರುವೆಯೊಂದು ಇನ್ನೊಂದು ಇರುವೆಯನ್ನು ಕಚ್ಚಿಕೊಂಡು ಹೋಗುತ್ತಿದೆ ಅನ್ನಿಸಬೇಕು. ಕೆಂಜಿಗದ ಕಡಿತ ಬಲ್ಲ ಯಾವ ಹಕ್ಕಿಯೂ ಇದರ ತಂಟೆಗೆ ಬರುವುದಿಲ್ಲ. ನಾನು ಇನ್ನೂ ಹತ್ತಿರ ಸರಿದದ್ದೇ ತಡ, ನೂಲು ಬಿಟ್ಟು ಕೆಳಗಿಳಿಯಿತು. ವೇಷ ಕಳಚಿದ್ದು ಅಲ್ಲಿ: ಕೆಂಜಿಗ ಹಾಗೆ ನೂಲು ಹಿಡಿದು ಇಳಿಯುವುದಿಲ್ಲ.

ಇಷ್ಟು ಹತ್ತಿರದಲ್ಲಿ, ಎಫ್ 11 ಇಟ್ಟರೂ ಸ್ಪಷ್ಟವಾಗಿ ಸಿಗುವ ದಪ್ಪ ಒಂದು ಮಿಲಿಮೀಟರ್ ಆಸುಪಾಸು. ಕಣ್ಣು ಸಿಕ್ಕರೆ ಹೊಟ್ಟೆ ಮಸುಕು. ಜೇಡದ ಮೈಯನ್ನು ಪಕ್ಕದಿಂದ, ಸೆನ್ಸರಿಗೆ ಸಮನಾಗಿ ಹಿಡಿದಾಗ ಮಾತ್ರ ಎಲ್ಲ ಒಂದೇ ಗೆರೆಯಲ್ಲಿ ಬರುತ್ತದೆ. ಫ್ಲಾಶಿನ ಮುಂದೆ ಬಿಳಿ ಪ್ಲಾಸ್ಟಿಕ್ ಹಾಳೆ ಕಟ್ಟದಿದ್ದರೆ ಆ ಹೊಳಪು ಮೈ ಬರೀ ಬೆಳಕಿನ ಚುಕ್ಕೆ.

ಜನವರಿ 19, 2025, ಭಾನುವಾರ. ಬೀರೂರು ಕಡೆಯ ಒಂದು ಕೆರೆ

ನೀರು ಇಳಿದಿದೆ. ಏರಿಯಿಂದ ನೋಡಿದರೆ ತೂಬಿನ ಕಲ್ಲುಕಂಬ ಅರ್ಧಕ್ಕೂ ಮೇಲೆ ಒಣಗಿ ನಿಂತಿದೆ, ಆಚೆ ಕೆರೆ ಅಂಗಳದಲ್ಲಿ ಗೋಡು ಮಣ್ಣು ಹೊಳೆಯುತ್ತಿದೆ. ಏಷ್ಯಾದ ನೀರುಹಕ್ಕಿಗಳ ಗಣತಿ 1987ರಿಂದ ಪ್ರತಿ ಜನವರಿಯಲ್ಲೇ ನಡೆಯುವುದು ಸುಮ್ಮನೆ ಅಲ್ಲ. ವಲಸೆ ಬಂದವು ನೆಲೆ ನಿಂತಿರುವ ತಿಂಗಳು ಇದು. ಉತ್ತರದ ದೂರದ ಜೌಗಿನಲ್ಲಿ ಮರಿ ಮಾಡಿದ ಗೊರವಗಳು ಈಗ ನಮ್ಮ ದನ ತೊಳೆಯುವ ಜಾಗದಲ್ಲಿ ಮೇಯುತ್ತಿವೆ.

ಕೆಸರಿನ ಮೇಲೆ ಹಳೆಯ ಗೊಬ್ಬರದ ಚೀಲ ಹಾಸಿ ಬೋರಲು ಮಲಗಿದೆ. ಹಳೇ ಪ್ಯಾಂಟಿನ ಕಾಲಿಗೆ ಹುರುಳಿಕಾಳು ತುಂಬಿ ಹೊಲಿಸಿದ ಚೀಲವೇ ಟ್ರೈಪಾಡ್. ನಿಂತು ತೆಗೆದರೆ ಹಕ್ಕಿಯ ಬೆನ್ನು, ಹಿಂದೆ ಬರೀ ಕೆಸರು. ಅದರ ಕಣ್ಣಿನ ಮಟ್ಟಕ್ಕೆ ಇಳಿದರೆ ಹಿಂದಿನ ನೀರು ಒಂದೇ ಬಣ್ಣವಾಗಿ ಕರಗುತ್ತದೆ, ಮೆಟ್ಟುಗಾಲು ಹಕ್ಕಿಯ ಗುಲಾಬಿ ಕಾಲು ಪೂರ್ತಿ ಕಾಣುತ್ತದೆ. ಬೆಳ್ಳಕ್ಕಿ ಬಂದಾಗ ಎಕ್ಸ್‌ಪೋಶರ್ ಒಂದು ಸ್ಟಾಪ್ ಇಳಿಸಬೇಕು. ಇಲ್ಲದಿದ್ದರೆ ಗರಿಯೇ ಇರುವುದಿಲ್ಲ, ಬರೀ ಬಿಳಿ.

ಪಟ್ಟಿ ಗೊರವ ಓಡುತ್ತದೆ, ಗಕ್ಕನೆ ನಿಲ್ಲುತ್ತದೆ, ಕುಕ್ಕುತ್ತದೆ. ಮತ್ತೆ ಓಟ. ಅದನ್ನೇ ಹಿಂಬಾಲಿಸುತ್ತಿದ್ದವನಿಗೆ ಲೆನ್ಸಿನ ಕೆಳಗೇ, ಮೊಣಕೈ ಪಕ್ಕದಲ್ಲಿ ಏನೋ ಹಾಗೇ ಓಡಿ ಹಾಗೇ ನಿಂತಂತಾಯಿತು. ಹುಲಿ ಜೀರುಂಡೆ! ಬೆರಳಿನ ಉಗುರಿನಷ್ಟು ಮೈ, ಕಂಚಿನ ಬಣ್ಣದ ಮೇಲೆ ಕೆನೆಬಣ್ಣದ ಮಚ್ಚೆ, ಒಂದರ ಮೇಲೊಂದು ಮಡಚಿದ ಕುಡುಗೋಲು ದವಡೆ. ಇದು ಓಡುವ ಜೋರಿಗೆ ಅದರ ಕಣ್ಣಿಗೆ ಸಾಲುವಷ್ಟು ಬೆಳಕು ಒದಗುವುದಿಲ್ಲ. ಅಟ್ಟಿಸಿಕೊಂಡು ಹೋಗುವ ನೊಣ ಮಸುಕಾಗುತ್ತದೆ. ಅದಕ್ಕೇ ನಿಂತು, ನೋಡಿ, ಮತ್ತೆ ಓಡುತ್ತದೆ. ಹಕ್ಕಿಯೂ ನಿಂತೇ ನೋಡುವುದು, ಹುಳುವೂ ನಿಂತೇ ನೋಡುವುದು. ಇಬ್ಬರ ಫೋಟೋಕ್ಕೂ ಸಿಗುವುದು ಆ ಒಂದು ನಿಲುಗಡೆ.

ಹುಡುಗರು ಕೆಸರು ಕೆದಕಿ ತೋರಿಸಿದ ಕೆಂಪು ದಾರದಂಥ ಹುಳುಗಳು ನುಸಿಜಾತಿಯ ಮರಿಗಳು. ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್ನೇ ಅವುಗಳಲ್ಲೂ ಇರುವುದರಿಂದ ಆ ಕೆಂಪು, ಉಸಿರು ಸಾಲದ ಕೆಸರಿನಲ್ಲೂ ಬದುಕುತ್ತವೆ. ಗದ್ದೆ ಗೊರವ ಇಡೀ ಹಗಲು ತಡಕುವುದು ಇಂಥದಕ್ಕೇ. ಚೀಲದಲ್ಲಿ ಎರಡು ಲೆನ್ಸ್ ಹೊರುವುದು ಯಾಕೆಂದು ಮನೆಯಲ್ಲಿ ಕೇಳುತ್ತಾರೆ. ಒಂದು ಉಣ್ಣುವವರಿಗೆ, ಒಂದು ಊಟಕ್ಕೆ.

ಮಾರ್ಚ್ 2, ಭಾನುವಾರ. ಲಕ್ಕವಳ್ಳಿ

ಭದ್ರಾ ಹಿನ್ನೀರಿನಲ್ಲಿ ದೋಣಿ. ಜಲಾಶಯದ ಗರಿಷ್ಠ ಮಟ್ಟ 186 ಅಡಿ. ಬೇಸಿಗೆಯಲ್ಲಿ ನೀರು ಇಳಿದಂತೆ ದಿಬ್ಬಗಳು ತಲೆ ಎತ್ತುತ್ತವೆ, ನದಿ ರೀವಗಳು ಆ ಬರೀ ನೆಲದ ಮೇಲೇ ಮೊಟ್ಟೆ ಇಡುತ್ತವೆ. ಹಳದಿ ಕೊಕ್ಕು, ಕರಿ ಟೋಪಿ, ಸೀಳಿದ ಬಾಲ. ಸುತ್ತ ನೀರಿರುವವರೆಗೆ ನಾಯಿ, ನರಿ ಬರುವಂತಿಲ್ಲ. ನೀರು ತೀರಾ ಇಳಿದು ದಿಬ್ಬ ದಡಕ್ಕೆ ಕೂಡಿಕೊಂಡರೂ ಕಷ್ಟ, ಏರಿ ಗೂಡು ಮುಳುಗಿದರೂ ಕಷ್ಟ.

ದೋಣಿಯವರು ದಿಬ್ಬಕ್ಕೆ ತೀರ ಹತ್ತಿರ ಹೋಗಲೊಪ್ಪಲಿಲ್ಲ. ಒಳ್ಳೆಯದೇ ಆಯಿತು. ರೀವ ಎದ್ದು ಹಾರಿದರೆ ಮೊಟ್ಟೆ ಬಿಸಿಲಿಗೆ ಬೇಯುತ್ತದೆ.

ಮೇ 25, ಭಾನುವಾರ. ಅಜ್ಜಂಪುರ

ಮುಂಗಾರು ಈ ಸಲ ಮೇ ತಿಂಗಳಲ್ಲೇ ಕೇರಳ ಮುಟ್ಟಿತು. ಇಲ್ಲೂ ಕೃತ್ತಿಕೆ ಮಳೆ ಸುರಿದು ಎರೆಮಣ್ಣು ಚಪ್ಪಲಿಗೆ ಮೆತ್ತುತ್ತಿದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯಾಗಿದ್ದು, ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆದ ದನಗಳ ತಳಿ ಕೇಂದ್ರ ಈ ಊರಲ್ಲಿದೆ. ಆ ದನಗಳಿಗಾಗಿ ಬಿಟ್ಟ ಕಾವಲುಗಳಿಂದಲೇ ಈ ಬಯಲುಸೀಮೆಯಲ್ಲಿ ಹುಲ್ಲುಗಾವಲು ಅನ್ನುವುದು ಉಳಿದುಕೊಂಡಿದೆ. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಿತ ಮೀಸಲು ಎಂದು ಘೋಷಿಸಿದರು. ಅಲ್ಲಿನ ಕೃಷ್ಣಮೃಗ ಎಲ್ಲರಿಗೂ ಗೊತ್ತು, ಸಗಣಿ ಹುಳುವನ್ನು ಕೇಳುವವರಿಲ್ಲ.

ಕಾವಲಿನ ಹೊರಗೆ, ರಸ್ತೆ ಬದಿಯಲ್ಲೇ ಕೂತೆ. ಮಳೆ ಬಿದ್ದ ಮೇಲೆ ಹಸೀ ಸಗಣಿಗೆ ಹುಳುಗಳು ಝುಯ್ಯೆಂದು ಬಂದಿಳಿಯುತ್ತವೆ. ಒಂದು ತಲೆ ಕೆಳಗೆ ಮಾಡಿ, ಹಿಂಗಾಲಿನಲ್ಲಿ ಉಂಡೆ ನೂಕುತ್ತ ನನ್ನಿಂದ ಆಚೆಗೆ ಸರಿಯಿತು. ಹಣೆಯ ಅಂಚಿನಲ್ಲಿ ಹಲ್ಲುಹಲ್ಲಾದ ಸಲಿಕೆ, ಅದಕ್ಕೆ ಮೆತ್ತಿದ ಕರಿಮಣ್ಣು, ಮುಂಗಾಲಿನ ಮುಳ್ಳು ಎಲ್ಲ ಬಂದವು. ಕುರಿ ಹೊಡೆದುಕೊಂಡು ಬಂದ ಅಜ್ಜ ನಿಂತು ನೋಡಿದರು.

"ಸಗಣಿ ಫೋಟೋಕ್ಕೂ ದುಡ್ಡು ಕೊಡ್ತಾರಾ ಸ್ವಾಮಿ?"

"ಇಲ್ಲ ಅಜ್ಜ, ನಾನೇ ಪೆಟ್ರೋಲಿಗೆ ಹಾಕ್ಕೊಂಡು ಬರೋದು."

"ಹಂಗಾದ್ರೆ ಅಲ್ಲಿ ನೋಡಿ" ಎಂದು ಕೋಲು ತೋರಿಸಿದರು. ಬೋಳು ನೆಲದಲ್ಲಿ ಹಳದಿ ಟಿಟ್ಟಿಭ, ಮೊಟ್ಟೆ ಮೇಲೆ. ನೆಲದ ಬಣ್ಣದ್ದೇ ಮೊಟ್ಟೆ, ಅಜ್ಜನ ಕಣ್ಣಿಗಲ್ಲದೆ ಕಾಣುವಂಥದಲ್ಲ. ಉರಿಬಿಸಿಲಿನಲ್ಲಿ ಟಿಟ್ಟಿಭಗಳು ನೀರಿಗೆ ಹೋಗಿ ಹೊಟ್ಟೆಗರಿ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತವೆ. ಹತ್ತಿರದ ಹೊಂಡದಲ್ಲಿ ಒಂದಿಷ್ಟು ನೀರಿದ್ದರೆ ಸಾಕು. ಕಾರಿನೊಳಗಿಂದ ಕೆಲವು ಚಿತ್ರ ತೆಗೆದು ಹೊರಟೆ. ಜಾಗದ ಗುರುತು ಇಲ್ಲಿಯೂ ಬರೆಯುವುದಿಲ್ಲ.

ಜೂನ್ 1, ಭಾನುವಾರ. ಕಡೂರು

ಅಣ್ಣ ಬಂದಿದ್ದ, ಭದ್ರಾ ಮೇಲ್ದಂಡೆ ಮಾತು. ಅಜ್ಜಂಪುರದ ಸುರಂಗ ದಾಟಿ ಬರುವ ನೀರಿನಿಂದ ನಾಲ್ಕು ಜಿಲ್ಲೆಯ 367 ಕೆರೆ ತುಂಬಿಸುವುದು ಯೋಜನೆ, ಅದೂ ಅರ್ಧ ಸಾಮರ್ಥ್ಯದಷ್ಟು. "ಅರ್ಧ ಯಾರಿಗೆ ಸಾಲುತ್ತೋ" ಎಂದ. ತೆಂಗಿನ ಲೆಕ್ಕದಲ್ಲಿ ಅವನು ಹೇಳಿದ್ದು ಸರಿ. ಬರದ ವರ್ಷ ಕೊಳವೆಬಾವಿ ಕೈಕೊಟ್ಟಾಗ ಅವನ ಪಾಡು ನಾನೂ ಕಂಡಿದ್ದೇನೆ, ವಾದ ಮಾಡಲಿಲ್ಲ. ಆದರೆ ವರ್ಷವಿಡೀ ಅಂಚಿನವರೆಗೆ ತುಂಬಿ ನಿಲ್ಲುವ ಕೆರೆಯಲ್ಲಿ ಗೊರವಕ್ಕೂ ಹುಲಿ ಜೀರುಂಡೆಗೂ ನಿಲ್ಲಲು ನೆಲವಿಲ್ಲ. ತುಂಬಬೇಕು, ಬಳಸಿದಂತೆ ಮೆಲ್ಲಗೆ ಇಳಿಯಲೂಬೇಕು. ಕೆರೆ ಕಟ್ಟಿದವರು ತೂಬು ಇಟ್ಟದ್ದೂ ಅದಕ್ಕೇ ತಾನೆ?

ಮುಂದಿನ ಅಕ್ಟೋಬರಿನಿಂದ ಒಂದು ಕೆಲಸ: ಹಕ್ಕಿ ಪಟ್ಟಿಯ ಪಕ್ಕದಲ್ಲಿ ತೂಬಿನ ಕಂಬದಲ್ಲಿ ನೀರು ಎಷ್ಟನೇ ಕಲ್ಲಿಗಿದೆ ಎಂದೂ ಬರೆಯುವುದು. ಯಾವ ಮಟ್ಟಕ್ಕೆ ಯಾರು ಬಂದರು ಎಂಬ ಲೆಕ್ಕ ಕೈಯಲ್ಲಿದ್ದರೆ, ಅಣ್ಣನ ಜೊತೆ ಕೂತು ಮಾತಾಡಬಹುದು.