ಕೊನೆಯ ಡಬ್ಬಿ ಬರುವ ತನಕ

ನನ್ನ ತಂದೆ ವಾಡಿ ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದರು. 1874ರಲ್ಲಿ ನಿಜಾಮರ ರೈಲು ಸಿಕಂದರಾಬಾದಿನಿಂದ ಬಂದು ಇಲ್ಲಿ ಮುಂಬಯಿ-ಮದರಾಸು ದಾರಿಯನ್ನು ಕೂಡಿಕೊಂಡಿತು. ಅಂದಿನಿಂದ ವಾಡಿ ಎಂದರೆ ಗಾಡಿ ಬದಲಿಸುವ ಊರು. ಸಣ್ಣವನಿದ್ದಾಗ ರಾತ್ರಿ ಅವರಿಗೆ ಬುತ್ತಿ ಒಯ್ಯುತ್ತಿದ್ದೆ. ಗಾಡಿ ಬಂದರೆ ನಾನು ಎಂಜಿನ್ನು ನೋಡಲು ಓಡುತ್ತಿದ್ದೆ. ತಂದೆ ಮಾತ್ರ ಎಂಜಿನ್ನಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅವರ ಕಣ್ಣೆಲ್ಲ ಗಾಡಿಯ ಬಾಲದ ಮೇಲೆ. ಕೊನೆಯ ಡಬ್ಬಿಯ ಹಿಂದೆ ರಾತ್ರಿಯಾದರೆ ಕೆಂಪು ದೀಪ, ಹಗಲಾದರೆ 'ಎಲ್‌ವಿ' ಎಂದು ಬರೆದ ಹಲಗೆ ಇರುತ್ತದೆ. ಅದು ಕಂಡರೆ ಮಾತ್ರ ಗಾಡಿ ಪೂರ್ತಿ ಬಂದಂತೆ. ಕಾಣದಿದ್ದರೆ, ನಡುವೆ ಎಲ್ಲೋ ಕೊಂಡಿ ಕಳಚಿ ಕೆಲವು ಡಬ್ಬಿಗಳು ಕತ್ತಲಲ್ಲಿ ಹಳಿಯ ಮೇಲೇ ಉಳಿದಿರಬಹುದು.

"ಇಂಜಿನ್ ಬಂದ್ರ ಗಾಡಿ ಬಂದಂಗಲ್ಲೋ ತಮ್ಮಾ, ಕಡೀ ಡಬ್ಬಿ ಬಂದ್ರ ಗಾಡಿ ಬಂದಂಗ" ಎನ್ನುತ್ತಿದ್ದರು.

ಈ ಮಾತನ್ನು ನಾನು ಮರೆತಿರಲಿಲ್ಲ. ಆದರೆ ಅದು ಅರ್ಥವಾದದ್ದು ತಂದೆ ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ, ನಾನೂ ಗಣಿತದ ಮೇಷ್ಟ್ರಾಗಿ ನಿವೃತ್ತನಾದ ಮೇಲೆ, 2023ರ ಡಿಸೆಂಬರಿನ ಒಂದು ಭಾನುವಾರದ ರಾತ್ರಿ.

ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆ ವರ್ಷ ದಸರೆಗೆ ಊರಿಗೆ ಬಂದಿದ್ದ. "ಸರ್, ನಮ್ಮ ಕಡಿಗೂ ಒಂದು ಬ್ರೆವೆ ಮಾಡೋಣ್ರಿ" ಎಂದ. ಅದು ತಿನ್ನುವ ಪದಾರ್ಥವೋ ಹೊದೆಯುವ ವಸ್ತುವೋ ನನಗೆ ತಿಳಿಯಲಿಲ್ಲ. ಅವನೇ ಬಿಡಿಸಿ ಹೇಳಿದ. ಬ್ರೆವೆ ಎಂಬುದು ಫ್ರೆಂಚ್ ಮಾತು, ಪ್ರಮಾಣಪತ್ರ ಎಂದರ್ಥ. 1891ರಲ್ಲಿ ಪ್ಯಾರಿಸ್ಸಿನ ಪತ್ರಿಕೆಯೊಂದು ಅಲ್ಲಿಂದ ಕಡಲತಡಿಯ ಬ್ರೆಸ್ಟ್ ಊರಿಗೆ ಹೋಗಿ ಮರಳುವ, ಸುಮಾರು 1200 ಕಿಲೋಮೀಟರಿನ ಸೈಕಲ್ ಪಂದ್ಯ ಏರ್ಪಡಿಸಿತು. ಗೆದ್ದ ಶಾರ್ಲ್ ತೆರಾಂ ಎಂಬಾತ 71 ಗಂಟೆಗೂ ತುಸು ಹೆಚ್ಚು ಹೊತ್ತು ತುಳಿದಿದ್ದ. ಈಗ ಅದೇ ಸವಾರಿ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ, ಆದರೆ ಪಂದ್ಯವಾಗಿ ಅಲ್ಲ. 90 ಗಂಟೆಯೊಳಗೆ ಮುಗಿಸಿದರೆ ಸಾಕು. 2019ರಲ್ಲೂ 2023ರಲ್ಲೂ ನಮ್ಮ ದೇಶದಿಂದ ನೂರಾರು ಮಂದಿ ಹೋಗಿ ತುಳಿದು ಬಂದಿದ್ದಾರೆ. ಅಲ್ಲಿಗೆ ಹೋಗಲು ಅರ್ಹತೆ ಬೇಕಾದರೆ ಮೊದಲು 200, 300, 400, 600 ಕಿಲೋಮೀಟರುಗಳ ನಾಲ್ಕು ಮೆಟ್ಟಿಲು ಹತ್ತಬೇಕು. ಮೊದಲನೆಯದಕ್ಕೆ ಹದಿಮೂರೂವರೆ ಗಂಟೆ, ಕೊನೆಯದಕ್ಕೆ 40 ಗಂಟೆ ಅವಧಿ.

ನನ್ನನ್ನು ಹಿಡಿದದ್ದು ಅವನು ಆಮೇಲೆ ಹೇಳಿದ ಮಾತು. "ಇದರಾಗ ಯಾರೂ ಫಸ್ಟ್ ಬರಂಗಿಲ್ಲ ಸರ್. ಮುಗಿಸಿದವರ ಹೆಸರು ಅಕ್ಷರಮಾಲೆ ಪ್ರಕಾರ ಬರೀತಾರ."

ಮೂವತ್ತನಾಲ್ಕು ವರ್ಷ ಮಕ್ಕಳಿಗೆ ರ್‍ಯಾಂಕಿನ ಪಟ್ಟಿ ಹಚ್ಚಿದವನು ನಾನು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಕೆಳಗಿನಿಂದ ಹೆಸರು ಹುಡುಕಿಕೊಂಡು ಬರುವ ಮಕ್ಕಳ ಮುಖ ನೋಡಿದವನು. ಮೊದಲಿಗನೂ ಕೊನೆಯವನೂ ಒಂದೇ ಸಾಲಿನಲ್ಲಿ ನಿಲ್ಲುವ ಪರೀಕ್ಷೆಯೊಂದು ಲೋಕದಲ್ಲಿದೆ ಎಂದು ಕೇಳಿ ಖುಷಿಯಾಯಿತು. ಒಪ್ಪಿಕೊಂಡೆ.

ನಮ್ಮದು ಮಾನ್ಯತೆ ಪಡೆದ ಬ್ರೆವೆ ಅಲ್ಲ. ಅದರ ನಿಯಮಗಳನ್ನು ಎರವಲು ಪಡೆದು ಊರವರು ಮಾಡಿಕೊಂಡ ಸವಾರಿ ಅಷ್ಟೆ. ಶಹಾಬಾದಿನಿಂದ ಹೊರಟು, ಕಾಗಿಣಾ ದಾಟಿ ವಾಡಿ, ಅಲ್ಲಿಂದ ಚಿತ್ತಾಪುರ, ಸೇಡಂ, ಚಿಂಚೋಳಿ, ಅದಕ್ಕೂ ಆಚೆ ಕಾಡಿನಂಚಿನ ಚಂದ್ರಂಪಳ್ಳಿ ಜಲಾಶಯ. ಹೆಚ್ಚೂಕಡಿಮೆ ನೂರು ಕಿಲೋಮೀಟರು. ಹೋದ ದಾರಿಯಲ್ಲೇ ಮರಳಿದರೆ ಇನ್ನೂರು. ಹದಿನೆಂಟು ತುಂಬಿದವರಿಗೆ ಮಾತ್ರ ಸವಾರಿ, ಹೈಸ್ಕೂಲು ಮಕ್ಕಳಿಗೆ ದಾರಿಯ ಕೇಂದ್ರಗಳಲ್ಲಿ ಕೆಲಸ.

ಸೈಕಲ್ಲು ತುಳಿಯುವುದು ಕಾಲಿನ ಕೆಲಸ, ತುಳಿಸುವುದು ಕಾಗದದ ಕೆಲಸ ಎಂಬುದು ಆಗ ಗೊತ್ತಾಯಿತು. ಮೊದಲು ಮೋಟಾರುಬೈಕಿನಲ್ಲಿ ದಾರಿ ಪೂರ್ತಿ ನೋಡಿ ಬಂದೆವು. ಎಲ್ಲಿ ಕಲ್ಲಿನ ಲಾರಿ ತಿರುಗುತ್ತವೆ, ಎಲ್ಲಿ ಸಿಮೆಂಟ್ ಲಾರಿಗಳ ಸಾಲು ನಿಲ್ಲುತ್ತದೆ, ಎಲ್ಲಿ ಕುಡಿಯುವ ನೀರಿದೆ, ಯಾವ ಆಸ್ಪತ್ರೆ ಭಾನುವಾರವೂ ತೆರೆದಿರುತ್ತದೆ ಎಂದು ಬರೆದುಕೊಂಡೆವು. ಪೊಲೀಸ್ ಠಾಣೆಗಳಿಗೆ ಪತ್ರ ಕೊಟ್ಟೆವು. ಡಿಸೆಂಬರೆಂದರೆ ನಮ್ಮಲ್ಲಿ ತೊಗರಿಯ ಸುಗ್ಗಿ. ರಾಶಿ ಮಾಡುವವರು ಗಿಡಗಳನ್ನು ರಸ್ತೆಯ ಮೇಲೆಯೇ ಹರವಿರುತ್ತಾರೆ. ಲಾರಿಗೆ ಅದು ಏನೂ ಅಲ್ಲ, ಸೈಕಲ್ಲಿನ ಗಾಲಿಗೆ ಸಿಕ್ಕಿಕೊಂಡರೆ ಸವಾರ ನೆಲಕ್ಕೆ. ರಸ್ತೆಯಂಚಿನ ಜಾಲಿ ಮುಳ್ಳಿನದು ಇನ್ನೊಂದು ಕಥೆ. ಪಂಕ್ಚರು ತಿದ್ದಲು ಬಾರದವರಿಗೆ ಸವಾರಿಯೇ ಬೇಡ ಎಂದೆವು. ಏಕೆಂದರೆ ಇಲ್ಲಿ ಸಹಾಯವೆಲ್ಲ ಕೇಂದ್ರಗಳಲ್ಲಿ ಮಾತ್ರ. ನಡುದಾರಿಯಲ್ಲಿ ಸವಾರ ತನ್ನ ಪಾಡು ತಾನೇ ನೋಡಿಕೊಳ್ಳಬೇಕು, ಜೊತೆಗೆ ವಾಹನ ಬರುವಂತಿಲ್ಲ.

ಪ್ರತಿಯೊಂದು ಕೇಂದ್ರಕ್ಕೂ ಬಾಗಿಲು ಮುಚ್ಚುವ ವೇಳೆ ಇರುತ್ತದೆ. ಗಂಟೆಗೆ 15 ಕಿಲೋಮೀಟರಿನ ಲೆಕ್ಕ. ಮಕ್ಕಳೇ, ನೀವೂ ಹಾಕಿ ನೋಡಿ. ಬೆಳಿಗ್ಗೆ ಆರಕ್ಕೆ ಹೊರಟರೆ ನೂರನೆಯ ಕಿಲೋಮೀಟರಿಗೆ 12 ಗಂಟೆ 40 ನಿಮಿಷ. ನೂರೈವತ್ತಕ್ಕೆ, ಅಂದರೆ ಮರಳಿ ಬರುವಾಗಿನ ಸೇಡಂಗೆ, ಸಂಜೆ ನಾಲ್ಕು. ಶಹಾಬಾದಿಗೆ ರಾತ್ರಿ ಏಳೂವರೆ. ಒಂಬತ್ತನೆಯ ಇಯತ್ತೆಯ ಮಕ್ಕಳೇ ಈ ಲೆಕ್ಕ ಮಾಡಿ ರಟ್ಟಿನ ಮೇಲೆ ಬರೆದರು.

ಆ ಭಾನುವಾರ ಬೆಳಿಗ್ಗೆ ಮೂವತ್ತೊಂದು ಜನ ಹೊರಟರು. ಹೆಚ್ಚಿನವರದು ಗೇರಿನ ಹೊಸ ಸೈಕಲ್ಲುಗಳು. ಒಂದು ಮಾತ್ರ ಸರ್ಕಾರಿ ಸೈಕಲ್ಲು. 2006-07ರಲ್ಲಿ ಆರಂಭವಾದ ಯೋಜನೆಯಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಕೊಡುತ್ತಿದ್ದರಲ್ಲ, ಅದೇ. ಗೇರಿಲ್ಲ, ಮುಂದೆ ಬುಟ್ಟಿ. ಅದರ ಒಡತಿ ಶಹಾಬಾದಿನ ಹುಡುಗಿ, ಬಿ.ಎ. ಎರಡನೆಯ ವರ್ಷ. ತಂದೆ ಕಲ್ಲಿನ ಪಾಲಿಶ್ ಕೆಲಸದವರು. ಬೆಳಿಗ್ಗೆ ಮಗಳನ್ನು ಬಿಡಲು ಬಂದು, "ಸರ್, ನಿಮ್ಮ ಮ್ಯಾಲ ಹಾಕಿ ಹೋಗ್ತೀನ್ರಿ" ಎಂದಿದ್ದರು.

ನಾನಿದ್ದದ್ದು ಸೇಡಂ ಕೇಂದ್ರದಲ್ಲಿ. ಒಂದು ಅಂಗಡಿಯ ಕಟ್ಟೆ, ಮೇಜು, ನೀರಿನ ಕ್ಯಾನು, ಬಾಳೆಹಣ್ಣು, ರೊಟ್ಟಿ, ಶೇಂಗಾ ಹಿಂಡಿ, ಮೊಸರನ್ನ, ಉಪ್ಪು-ಸಕ್ಕರೆ ಹಾಕಿದ ಲಿಂಬು ಶರಬತ್ತು. ಹೋಗುವಾಗ ಎಲ್ಲರೂ ಬಂದು ಕಾರ್ಡಿಗೆ ಸಿಕ್ಕೆ ಹಾಕಿಸಿಕೊಂಡು ಹೋದರು. ಚಂದ್ರಂಪಳ್ಳಿಯಿಂದ ಫೋನು ಬಂತು: ಇಬ್ಬರಿಗೆ ಸಾಕಾಗಿದೆ, ಟೆಂಪೋದಲ್ಲಿ ಕಳಿಸುತ್ತೇವೆ.

ಮಧ್ಯಾಹ್ನ ಟೆಂಪೋ ಸೇಡಂ ದಾಟುವಾಗ ನಿಂತಿತು. ಹಿಂದೆ ಸೈಕಲ್ಲುಗಳಿದ್ದವು. ಎಣಿಸಿದೆ, ಮೂರು. ಬಿಟ್ಟವರು ಇಬ್ಬರಲ್ಲ, ಮೂವರು ಎಂದುಕೊಂಡೆ. ಒಳಗೆ ಇಣುಕಿ ಮನುಷ್ಯರನ್ನು ನೋಡಲಿಲ್ಲ. ಮೂವತ್ತೊಂದರಲ್ಲಿ ಮೂರು ಹೋದರೆ ಇಪ್ಪತ್ತೆಂಟು. ಮೂರೂ ಮೂವತ್ತೈದಕ್ಕೆ ಇಪ್ಪತ್ತೆಂಟನೆಯ ಸಹಿ ಬಿತ್ತು. ಲೆಕ್ಕ ಸರಿಹೋಯಿತು. ಇನ್ಯಾರಿಗೆ ಕಾಯುವುದು ಎಂದು, ನಾಲ್ಕು ಗಂಟೆ ಆಗುವ ಮೊದಲೇ ಮೇಜು ಮಡಚಿದೆ. ಚಿತ್ತಾಪುರಕ್ಕೂ ವಾಡಿಗೂ ಫೋನು ಮಾಡಿ, "ಇಪ್ಪತ್ತೆಂಟು ಮಂದಿ ಬರ್ತಾರ, ಅಷ್ಟೇ ನೋಡ್ರಿ" ಎಂದೆ. ಗಣಿತದ ಮೇಷ್ಟ್ರ ಮಾತು, ಯಾರು ಅನುಮಾನಿಸುತ್ತಾರೆ? ಅವರೂ ಇಪ್ಪತ್ತೆಂಟಾದ ಕೂಡಲೇ ಎದ್ದರು.

ಶಹಾಬಾದಿನಲ್ಲಿ ಏಳು ಗಂಟೆಗೆ ಸಂಭ್ರಮವೋ ಸಂಭ್ರಮ. ಬಂದವರಿಗೆಲ್ಲ ಹಾರ, ಚಪ್ಪಾಳೆ. ಆ ಹುಡುಗಿಯ ತಂದೆ ಜನರ ನಡುವೆ ಹಾದು ನನ್ನ ಬಳಿ ಬಂದರು.

"ನಮ್ಮ ಹುಡುಗಿ ಎಲ್ಲ್ಯದಾಳ್ರಿ ಸರ್?"

"ಟೆಂಪೋದಾಗ ಬರಲಕತ್ತಾಳ್ರಿ. ಸಾಕಾಗಿರಬೇಕು. ಚಿಂತಿ ಮಾಡಬ್ಯಾಡ್ರಿ."

ಚಕ್ರ ತಿದ್ದಿಸಿಕೊಳ್ಳಲು ದಾರಿಯಲ್ಲಿ ನಿಂತಿದ್ದ ಟೆಂಪೋ ಅದೇ ಹೊತ್ತಿಗೆ ಬಂತು. ಇಬ್ಬರು ಇಳಿದರು. ಇಬ್ಬರೂ ಗಂಡಸರು. ಮೂರನೆಯ ಸೈಕಲ್ಲು ಯಾರದೆಂದು ಕೇಳಿದೆ. "ಅದು ನಮ್ಮದೇ ಸರ್, ಸ್ಪೇರ್ ಇರಲಿ ಅಂತ ನಾವೇ ಒಯ್ದಿದ್ದೆವಲ್ಲ" ಎಂದ ಚಾಲಕ.

ನಾನು ಮನುಷ್ಯರ ಬದಲು ಸೈಕಲ್ಲು ಎಣಿಸಿದ್ದೆ.

ಕಿಸೆಯಿಂದ ಫೋನು ತೆಗೆದೆ. ಗುರುತಿಲ್ಲದ ನಂಬರಿನಿಂದ ನಾಲ್ಕು ಗಂಟೆಯ ಸುಮಾರಿಗೆ ಎರಡು ಕರೆ ಬಂದಿದ್ದವು. ಬೈಕಿನ ಸದ್ದಿನಲ್ಲಿ ಕೇಳಿಸಿರಲಿಲ್ಲ. ಮರಳಿ ಮಾಡಿದೆ, ಸ್ವಿಚ್ ಆಫ್. ಆ ತಂದೆ ಬಯ್ಯಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತರು. ಅವರ ತೋಳಿನ ಮೇಲೆ ಕಲ್ಲಿನ ಬಿಳಿ ಧೂಳು ಇನ್ನೂ ಇತ್ತು. ಅವರು ಬಯ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಎರಡು ಬೈಕಿನಲ್ಲಿ ಹೊರಟೆವು. ಅವರು ನನ್ನ ಹಿಂದೆ ಕುಳಿತಿದ್ದರು. ಎದುರಿಗೆ ಬರುವ ಪ್ರತಿಯೊಂದು ಲಾರಿಯ ಬೆಳಕಿಗೂ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ವಾಡಿ ಮುಟ್ಟುವ ಹೊತ್ತಿಗೆ, ರಸ್ತೆಯ ಪಕ್ಕದ ಚಹಾದ ಅಂಗಡಿಯ ಮುಂದೆ ಬುಟ್ಟಿಯ ಸೈಕಲ್ಲು ಕಂಡಿತು. ಹುಡುಗಿ ಒಳಗೆ ಬೆಂಚಿನ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದಳು. ಅಂಗಡಿಯ ಅವ್ವ ಹೊರಗೆ ಬಂದು, "ಕತ್ತಲದಾಗ ಹೆಣ್ಣುಮಗಳೊಬ್ಬಳೇ ಹೊಂಟಾಳ, ನಿಮಗೇನರೆ ಬುದ್ಧಿ ಅದ ಏನ್ರಿ?" ಎಂದಳು. ನನಗೆ ಬರಬೇಕಾದ ಮಾತು ಅಂತೂ ಬಂತು.

ತಂದೆಯನ್ನು ನೋಡಿ ಹುಡುಗಿಯ ಕಣ್ಣು ತುಂಬಿತು. ಆಮೇಲೆ ನನ್ನ ಕಡೆ ತಿರುಗಿ, ದೂರು ಎಂಬಂತೆ ಅಲ್ಲ, ವರದಿ ಒಪ್ಪಿಸುವಂತೆ ಹೇಳಿದಳು. "ಸೇಡಂದಾಗ ಯಾರೂ ಇರಲಿಲ್ಲ ಸರ್. ಗ್ವಾಡಿಗಿ ಹಚ್ಚಿದ ನಿಮ್ಮ ಕಾಗದ ಇತ್ತು. ಅದರ ಮುಂದ ನಿಂತು ಫೋಟೋ ತಕ್ಕೊಂಡೀನಿ. ಮತ್ತ ಬರ್ತೀರೇನೋ ಅಂತ ಇಪ್ಪತ್ತು ಮಿನಿಟ್ ಕಾದೆ." ಚಾರ್ಜು ಮುಗಿದಿದ್ದರಿಂದ ಫೋಟೋ ಆಗ ತೋರಿಸಲಾಗಲಿಲ್ಲ. ಮರುದಿನ ನೋಡಿದೆ. ವೇಳೆ 3 ಗಂಟೆ 52 ನಿಮಿಷ. ಬಾಗಿಲು ಮುಚ್ಚಲು ಇನ್ನೂ ಎಂಟು ನಿಮಿಷವಿತ್ತು.

"ಬಾ ತಂಗಿ, ಟೆಂಪೋ ಕರೆಸ್ತೀನಿ" ಎಂದೆ.

"ಇಷ್ಟು ಬಂದೀನಿ ಸರ್. ಇನ್ನೇನು, ಹೊಳಿ ದಾಟಿದ್ರ ಊರು." ತಂದೆಯ ಮುಖ ನೋಡಿದಳು. ಅವರು ಒಂದು ಕ್ಷಣ ಸುಮ್ಮನಿದ್ದು, "ತುಳೀ" ಎಂದರು.

ನಮ್ಮ ಎರಡು ಬೈಕುಗಳ ಬೆಳಕಿನಲ್ಲಿ ಅವಳು ತುಳಿದಳು. ಶಹಾಬಾದು ಮುಟ್ಟಿದಾಗ 8 ಗಂಟೆ 20 ನಿಮಿಷ. ಹಾರ ಮುಗಿದಿದ್ದವು, ಜನರೂ ಚದುರಿದ್ದರು. ಅವಧಿ ಮೀರಿ ಐವತ್ತು ನಿಮಿಷ.

ಉಳಿದವರು ಏಳೂವರೆ ಎಂದೇ ಬರೆದುಬಿಡೋಣ ಎಂದರು. ನನಗೂ ಹಾಗೇ ಅನ್ನಿಸಿತ್ತು. ಹುಡುಗಿ ಒಪ್ಪಲಿಲ್ಲ. "ಖರೇ ಟೈಮೇ ಬರೀರಿ ಸರ್." ಬರೆದೆ. ಆದರೆ ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: 'ಸೇಡಂ ಕೇಂದ್ರ ನಿಗದಿತ ವೇಳೆಗೆ ಮೊದಲೇ ಮುಚ್ಚಿತ್ತು. ತಪ್ಪು ಕೇಂದ್ರದವರದು, ಸವಾರರದಲ್ಲ.' ಅದರ ಕೆಳಗೆ ಸಹಿ ಹಾಕಿದೆ. ಮಕ್ಕಳ ಉತ್ತರಪತ್ರಿಕೆಗಳ ಮೇಲೆ ಸಾವಿರಾರು ತಪ್ಪು ಗುರುತು ಹಾಕಿದ್ದೇನೆ. ನನ್ನ ತಪ್ಪಿಗೆ ನಾನೇ ಕೆಂಪು ಮಸಿಯಲ್ಲಿ ಸಹಿ ಹಾಕಿದ್ದು ಅದೇ ಮೊದಲು.

ಆ ತಂದೆ ಕಾರ್ಡನ್ನು ತಿರುಗಿಸಿ ನೋಡಿ ಮಗಳಿಂದ ಓದಿಸಿದರು. "ಮುಂದಿನ ವರ್ಷ ಮಾಡ್ತೀರೇನ್ರಿ ಸರ್?" ಎಂದರು. ನನಗೆ ಉತ್ತರ ಹೊರಡಲಿಲ್ಲ. "ಮಾಡಿದ್ರ ಸೇಡಂದಾಗ ನಾ ಕೂಡ್ತೀನಿ" ಎಂದರು.

2024ರ ಡಿಸೆಂಬರಿನಲ್ಲಿ ಮತ್ತೆ ಮಾಡಿದೆವು. ಮೂವತ್ತಾರು ಜನ. ಈ ಸಲ ಎಲ್ಲರ ಹಿಂದೆ ಒಬ್ಬ ಅನುಭವಿ ಸವಾರನನ್ನು ಕೆಂಪು ದೀಪ ಹಚ್ಚಿ ಬಿಟ್ಟಿದ್ದೆವು. ಅವನು ದಾಟುವ ತನಕ ಯಾವ ಕೇಂದ್ರವೂ ಏಳಕೂಡದು. ನಡುವೆ ಬಿಟ್ಟವರು ತಾವೇ ಬಾಯಿಂದ ಹೆಸರು ಹೇಳಿ ಸಹಿ ಮಾಡಬೇಕು. ನಡುವೆ ನಿಲ್ಲಿಸುವುದು ಸೋಲಲ್ಲ, ಹೇಳದೆ ನಿಲ್ಲಿಸುವುದು ಮಾತ್ರ ತಪ್ಪು ಎಂದು ಹೊರಡುವ ಮೊದಲೇ ತಿಳಿಸಿದೆವು. ಮನೆಯಲ್ಲಿ ಮಕ್ಕಳು ಈ ಮಾತನ್ನು ಧೈರ್ಯವಾಗಿ ಹೇಳುವಂತಿದ್ದರೆ ಎಷ್ಟು ಚೆನ್ನ ಎಂದು ಪಾಲಕರನ್ನು ನೋಡುತ್ತ ಅಂದುಕೊಂಡೆ.

ಸೇಡಂನ ಮೇಜಿನ ಹಿಂದೆ ಆ ತಂದೆ ಕುಳಿತಿದ್ದರು. ನಾನು ಶಹಾಬಾದಿನಲ್ಲಿದ್ದೆ. ಮರಳುವಾಗ ಅವರ ಮಗಳು, ಅದೇ ಬುಟ್ಟಿಯ ಸೈಕಲ್ಲಿನಲ್ಲಿ, ಮೂರೂವರೆಗೇ ಸೇಡಂ ದಾಟಿದಳಂತೆ. ಮಗಳು ದಾಟಿದ ಮೇಲೆ ಅವರು ಎದ್ದು ಬರಬಹುದಿತ್ತು. ಬರಲಿಲ್ಲ. ನಾಲ್ಕು ಗಂಟೆಗೆ ಒಂದು ನಿಮಿಷ ಇರುವಾಗ ಐವತ್ತು ದಾಟಿದ ಸವಾರರೊಬ್ಬರು ಏದುಸಿರು ಬಿಡುತ್ತ ಬಂದರು, ಅವರ ಹಿಂದೆಯೇ ಕೆಂಪು ದೀಪದ ಸೈಕಲ್ಲು. ಆಮೇಲೆ ನನಗೆ ಫೋನು ಬಂತು.

"ಸರ್, ಕಡೀ ಮನಷ್ಯಾ ದಾಟಿದ. ಇಬ್ಬರು ಬಿಟ್ಟಾರ, ಮೂವತ್ನಾಕು ಮಂದಿ ದಾಟ್ಯಾರ. ಸೈಕಲ್ ಎಣಿಸಿಲ್ರಿ, ಮಂದೀನ ಎಣಿಸೀನಿ."