ಹಳದಿ ನೀರು, ಹಸಿರು ಬೆಳಕು

ಕಳೆದ ಬೇಸಿಗೆಯಲ್ಲಿ ದೇವದುರ್ಗದ ತಂಗಿ ಮನೆಗೆ ಹೋಗಿದ್ದೆ. ಆರು ವರ್ಷದ ಅಳಿಯನ ಬಾಯಿಯ ಎರಡೂ ಮೂಲೆ ಒಡೆದಿತ್ತು. ಕೈಯಲ್ಲಿ ಹಳದಿ ಜ್ಯೂಸಿನ ಬಾಟಲಿ! ಮನೆಯ ಎಮ್ಮೆ ಹಾಲೆಲ್ಲ ಮಾರಾಟಕ್ಕೆ, ಆ ದುಡ್ಡಲ್ಲಿ ಈ ಬಾಟಲಿ.

"ಯಾಕವ್ವಾ ಇದು?" ಅಂದೆ.

"ಡಾಕ್ಟ್ರು ಬಿ-ಕಾಂಪ್ಲೆಕ್ಸ್ ಗುಳಿಗಿ ಕೊಟ್ಟಾರಣ್ಣ. ನೀರಾಗ ಹಾಕಿದ್ರ ಹಳದಿ ಆಗ್ತದ. ಇದೂ ಹಳದೀನೇ ಅದಲ್ಲ, ಶಕ್ತಿ ಇರ್ತದ."

ನಗು ಬಂತು. ಆದರೆ ಅವಳ ತರ್ಕ ಪೂರ್ತಿ ತಪ್ಪಲ್ಲ ನೋಡಿ. ಗುಳಿಗೆಯ ಹಳದಿ ಬಿ2 ವಿಟಮಿನ್‌ನದೇ, ಹೆಸರು ರೈಬೋಫ್ಲೇವಿನ್. ಅದು ಕಮ್ಮಿಯಾದರೂ ಬಾಯಿ ಮೂಲೆ ಒಡೆಯುತ್ತದೆ. ಬಾಟಲಿ ಮೇಲೆ ಮಾತ್ರ ಸಣ್ಣಕ್ಷರದಲ್ಲಿ 'ಐಎನ್‌ಎಸ್ 102' ಅಂತಿತ್ತು. ಟಾರ್ಟ್ರಜಿನ್, ಬರೀ ಬಣ್ಣ. ಹೇಳಿದರೆ ತಂಗಿ ನಂಬಬೇಕಲ್ಲ?

ವಿಟಮಿನ್ ಅಳೆಯುವ ಎಚ್‌ಪಿಎಲ್‌ಸಿ ಯಂತ್ರಕ್ಕೆ ಲಕ್ಷಗಟ್ಟಲೆ ಬೇಕು. ಆದರೆ ಅದರ ಹಿಂದಿನ ಉಪಾಯ ಹಳೆಯದು. ಮಾರ್ಟಿನ್ ಮತ್ತು ಸಿಂಜ್‌ಗೆ 1952ರಲ್ಲಿ ನೊಬೆಲ್ ತಂದ ಕ್ರೊಮ್ಯಾಟೊಗ್ರಫಿಯನ್ನು ಕಾಗದದ ಮೇಲೂ ಮಾಡಬಹುದು. ನಾನು ಪಾಠ ಮಾಡುವ ಮಾನ್ವಿಯ ಶಾಲೆಯಿಂದ ಫಿಲ್ಟರ್ ಪೇಪರ್ ತಂದೆ, ರಾಯಚೂರಿನಲ್ಲಿ ಖೋಟಾನೋಟು ನೋಡುವ ನೇರಳಾತೀತ ಟಾರ್ಚ್ ಕೊಂಡೆ. (ಮಾಮೂಲಿ ಬಿಳಿ ಕಾಗದ ಆಗದು, ಟಾರ್ಚಿಗೆ ಅದೇ ನೀಲಿಯಾಗಿ ಹೊಳೆಯುತ್ತದೆ.)

ಗುಳಿಗೆಯಲ್ಲಿ 10 ಮಿ.ಗ್ರಾಂ. ಬಿ2. ಒಂದು ಲೀಟರ್ ನೀರಿಗೆ ಹಾಕಿ, ಅದನ್ನೇ ಅರ್ಧ, ಕಾಲು, ಅರೆಕಾಲು ತೆಳುಮಾಡಿಕೊಂಡೆ. ಪೆನ್ಸಿಲ್ ಗೆರೆಯ ಮೇಲೆ ಇವುಗಳ ಚುಕ್ಕೆ, ಪಕ್ಕದಲ್ಲಿ ಜ್ಯೂಸು, ಮೊಸರಿನ ತಿಳಿನೀರು. ಒಂದೊಂದೂ ಐದೈದು ಹನಿ, ಒಣಗಿಸಿ ಒಣಗಿಸಿ. ಕಾಗದದ ತುದಿಯನ್ನು ಉಪ್ಪುನೀರಿಗೆ ತಾಗಿಸಿ ಡಬ್ಬಿ ಮುಚ್ಚಿಟ್ಟೆ. ಬೆಳಕಿಗೆ ಬಿ2 ಕೆಡುತ್ತದೆ, ಹಾಗಾಗಿ ರಾತ್ರಿ ಕತ್ತಲಲ್ಲೇ ಎಲ್ಲ. ಅವತ್ತು ಕರೆಂಟೂ ಹೋಯಿತು, ಶಕ್ತಿನಗರದಲ್ಲಿ ಅಷ್ಟು ದೊಡ್ಡ ವಿದ್ಯುತ್ ಸ್ಥಾವರ ಇದ್ದೂ :)

ಟಾರ್ಚ್ ಬಿಟ್ಟೆ. ಗುಳಿಗೆಯ ಚುಕ್ಕೆಗಳು ಹಸಿರು-ಹಳದಿಯಾಗಿ ಹೊಳೆದವು. ಅದೇ ಎತ್ತರದಲ್ಲಿ ಮೊಸರಿನ ತಿಳಿಯೂ ಹೊಳೆಯಿತು, ಹೆಚ್ಚುಕಮ್ಮಿ ಅರೆಕಾಲಿನಷ್ಟು. ಅಂದರೆ ಲೀಟರಿಗೆ 1 ಮಿ.ಗ್ರಾಂ. ಆಸುಪಾಸು. ಜ್ಯೂಸಿನ ಹಳದಿ ಎಲ್ಲವನ್ನೂ ದಾಟಿ ಮೇಲೆ ಓಡಿತ್ತು, ಆದರೆ ಟಾರ್ಚಿಗೆ ಕಪ್ಪು. ಬಿ2 ಇರಬೇಕಾದ ಜಾಗದಲ್ಲಿ ಏನೂ ಇಲ್ಲ.

ಕಣ್ಣಂದಾಜಿನ ಲೆಕ್ಕ ಇದು, ಲ್ಯಾಬ್ ವರದಿಯಲ್ಲ. ಬೇರೆ ವಿಟಮಿನ್‌ಗಳ ಬಗ್ಗೆ ಏನೂ ಹೇಳುವುದಿಲ್ಲ. ಬಾಯಿ ಒಡೆಯಲು ಬೇರೆ ಕಾರಣಗಳೂ ಇರುತ್ತವೆ, ಗುಳಿಗೆ ಬಿಡಬೇಡ ಅಂತಲೂ ಹೇಳಿದೆ.

ತಂಗಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, "ಹೊಳೆಯೋದನ್ನ ಮಾರಿ, ಕಪ್ಪು ಕೊಂಡ್ಕೊಂಡು ಬಂದ್ನೆಲ್ಲಣ್ಣ" ಅಂದಳು.

ಮರುದಿನ ಬೆಳಿಗ್ಗೆ ಹಾಲಿನ ಕ್ಯಾನು ಹೊರಡುವ ಮೊದಲು ಒಂದು ಚರಿಗೆ ಹಾಲು ಒಳಗೆ ಹೋಯಿತು.