ಬಣ್ಣ ಯಾರ ಕಣ್ಣಿಗೆ?

ನಾನು ಹುಡುಗನಾಗಿದ್ದಾಗ ಚನ್ನರಾಯಪಟ್ಟಣದ ನಮ್ಮ ಬೀದಿಯಲ್ಲಿ ಮನೆಗೆ ಯಾವ ಬಣ್ಣ ಎಂಬ ಪ್ರಶ್ನೆಯೇ ಇರಲಿಲ್ಲ. ಯುಗಾದಿಗೋ ಗೌರಿ ಹಬ್ಬಕ್ಕೋ ಸುಣ್ಣ ಬಳಿಯುವುದು, ಅಷ್ಟೇ. ಸಂತೆಯಿಂದ ತಂದ ಸುಟ್ಟ ಸುಣ್ಣದ ಕಲ್ಲನ್ನು ಹಳೆಯ ಹಂಡೆಗೆ ಸುರಿದು ನೀರು ಹೊಯ್ದರೆ, ಒಲೆಯಿಲ್ಲದೆಯೇ ಕೊತಕೊತ ಕುದಿಯುತ್ತಿತ್ತು. ಹನಿ ಸಿಡಿದು ಕಣ್ಣಿಗೆ ಬಿದ್ದರೆ ಕಣ್ಣೇ ಹೋದೀತೆಂದು ಅಮ್ಮ ನಮ್ಮನ್ನೆಲ್ಲ ಜಗಲಿಗೆ ಅಟ್ಟುತ್ತಿದ್ದಳು. ಮರುದಿನ ತಣ್ಣಗಾದ ಸುಣ್ಣವನ್ನು ಸೋಸಿ, ಸ್ವಲ್ಪ ಅಂಟು, ಒಂದು ಚಿಟಿಕೆ ನೀಲಿ ಬೆರೆಸಿ, ಕತ್ತಾಳೆ ನಾರಿನ ಕುಂಚದಲ್ಲಿ ಬಳಿಯುತ್ತಿದ್ದರು. ಹೊರಗೋಡೆಯ ಬುಡಕ್ಕೆ ಮೊಳದೆತ್ತರ ಕೆಮ್ಮಣ್ಣಿನ ಪಟ್ಟೆ. ಮಳೆಗಾಲದಲ್ಲಿ ಸೂರಿನ ನೀರು ಬಿದ್ದು ಅಂಗಳದ ಕೆಂಪು ಮಣ್ಣು ಗೋಡೆಗೆ ಸಿಡಿದರೂ ಆ ಪಟ್ಟೆಯ ಮೇಲೆ ಕೊಳೆ ಕಾಣುತ್ತಿರಲಿಲ್ಲ.

ಮಕ್ಕಳೇ, ಆ ಸುಣ್ಣದ ಕೆಲಸ ನಿಮ್ಮ ವಿಜ್ಞಾನ ಪುಸ್ತಕದಲ್ಲೂ ಇದೆ. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ. ನೀರು ಸೇರಿಸಿ ಗೋಡೆಗೆ ಬಳಿದ ಮೇಲೆ, ಅದೇ ಅನಿಲವನ್ನು ಗಾಳಿಯಿಂದ ಮತ್ತೆ ಹೀರಿಕೊಂಡು ಅದು ನಿಧಾನವಾಗಿ ಕಲ್ಲಾಗುತ್ತದೆ. ಬಳಿದಾಗ ತೆಳ್ಳಗೆ, ಮಬ್ಬಾಗಿ ಕಾಣುವ ಸುಣ್ಣ ಒಣಗುತ್ತಾ ಬೆಳ್ಳಗಾಗುವುದನ್ನು ನೋಡುವುದೇ ನಮಗೊಂದು ಆಟ.

ಆಮೇಲೆ ಡಿಸ್ಟೆಂಪರ್ ಬಂತು, ಎಣ್ಣೆ ಬಣ್ಣ ಬಂತು. ಕೈಯಲ್ಲಿ ಬ್ರಷ್ ಹಿಡಿದ ತುಂಟ ಹುಡುಗ ಗಟ್ಟುವಿನ ಚಿತ್ರ ಹಿರಿಯರಿಗೆ ನೆನಪಿರಬಹುದು. ಏಷ್ಯನ್ ಪೇಂಟ್ಸ್‌ಗಾಗಿ 1954ರಲ್ಲಿ ಅವನನ್ನು ಬರೆದವರು ನಮ್ಮ ಮೈಸೂರಿನಲ್ಲೇ ಹುಟ್ಟಿದ ಆರ್.ಕೆ. ಲಕ್ಷ್ಮಣ್. ಈಗ ಅಂಗಡಿಗೆ ಹೋದರೆ ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುವ ಶೇಡ್ ಕಾರ್ಡ್ ಕೈಗೆ ಕೊಡುತ್ತಾರೆ. ಬಿಳಿಯೊಂದರಲ್ಲೇ ಹತ್ತಾರು ಬಗೆ. ನೀಲಿ ಒಂದು ಚಿಟಿಕೆಯೋ ಎರಡು ಚಿಟಿಕೆಯೋ ಎಂಬುದಷ್ಟೇ ಚರ್ಚೆಯಾಗಿದ್ದ ಮನೆಯಲ್ಲಿ ಬೆಳೆದವನಿಗೆ ತಲೆ ಗಿರ್ರೆನ್ನದೆ ಇದ್ದೀತೇ?

ಈ ಬೇಸಿಗೆ ರಜೆಯಲ್ಲಿ ನಮ್ಮ ಮನೆಗೆ ಬಣ್ಣ ಬಳಿಸುವುದೆಂದಾಯಿತು. ಬೆಂಗಳೂರಿನಿಂದ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು ಬಂದಿದ್ದರು. ಮಗನಿಗೆ ಬೂದು ಬಣ್ಣ ಇಷ್ಟ. ‘ಈಗ ಎಲ್ಲ ಕಡೆ ಇದೇ ಅಪ್ಪಾ’ ಎಂದ. ಸೊಸೆಗೆ ಎಲ್ಲವೂ ಬಿಳಿ ಇರಲಿ, ಮನೆ ದೊಡ್ಡದಾಗಿ ಕಾಣುತ್ತದೆ ಎಂಬ ಆಸೆ. ಆರನೇ ತರಗತಿಯ ಮೊಮ್ಮಗನಿಗೆ ಕಡು ನೀಲಿಯೇ ಆಗಬೇಕು. ಮೂರನೇ ತರಗತಿಯ ಮೊಮ್ಮಗಳಿಗೆ ಗುಲಾಬಿ. ನನ್ನ ಹೆಂಡತಿಯನ್ನು ಕೇಳಿದರೆ, ‘ನಂಗೇನು, ಯಾವುದಾದ್ರೂ ಹಾಕ್ಸಿ. ನೋಡೋರು ನೀವು ತಾನೇ’ ಎಂದು ಹೂವಿನ ಬುಟ್ಟಿ ತೆಗೆದುಕೊಂಡು ಹಿತ್ತಲಿಗೆ ನಡೆದಳು.

ಬಣ್ಣದ ಮೇಸ್ತ್ರಿ ಗೋಡೆ ನೋಡಲು ಬಂದ. ಮಲಗುವ ಕೋಣೆಯ ಸ್ವಿಚ್ ಬೋರ್ಡಿನ ಸುತ್ತ ಅಂಗೈಯಗಲ ಕಪ್ಪು ಕಲೆ ಇತ್ತು. ಅಲ್ಲಿಂದ ಬಚ್ಚಲು ಮನೆಯ ಬಾಗಿಲವರೆಗೆ, ಸೊಂಟದೆತ್ತರದಲ್ಲಿ, ಉದ್ದಕ್ಕೂ ಮಾಸಿದ ಗೆರೆ. ‘ಇದನ್ನ ಉಜ್ಜಿ ಪುಟ್ಟಿ ಹಾಕಿದ್ರೆ ಹೋಗ್ತದೆ ಸಾರ್’ ಎಂದ. ಪಕ್ಕದಲ್ಲಿದ್ದ ಮೊಮ್ಮಗಳು, ‘ಇದು ಅಜ್ಜಿ ಕೈ ಗುರುತು ತಾತ. ಅಜ್ಜಿ ರಾತ್ರಿ ಗೋಡೆ ಸವರ್ಕೊಂಡು ಹೋಗ್ತಾರೆ, ನಾನು ನೋಡಿದೀನಿ’ ಎಂದಳು. ಒಂದು ಗಳಿಗೆ ಯಾರೂ ಮಾತಾಡಲಿಲ್ಲ.

ಆ ಸಂಜೆ ಸೊಸೆ ಪಕ್ಕದಲ್ಲಿ ಕೂತು ಮೆಲ್ಲಗೆ ವಿಚಾರಿಸಿದಾಗ ಒಂದೊಂದೇ ಹೊರಬಂತು. ಬಚ್ಚಲು ಮನೆಯ ಮೆಟ್ಟಿಲು ಕಾಣದೆ ಕಾಲು ಜಾರಿದ್ದು ಎರಡು ಸಲವಂತೆ. ಅಂದಿನಿಂದ ರಾತ್ರಿ ಏಳುವುದೇ ಬೇಡವೆಂದು ಸಂಜೆಯ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದಾಳೆ. ಸಕ್ಕರೆ ಕಾಯಿಲೆ ಇರುವವಳು. ‘ಎಲ್ಲಾರ್ಗೂ ಯಾಕೆ ತೊಂದ್ರೆ ಅಂತ ಹೇಳ್ಲಿಲ್ಲ’ ಎಂದಳಂತೆ.

ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದೆವು. ಎರಡೂ ಕಣ್ಣಿನ ಪೊರೆ ತೆಗೆಸಿ ಆರು ವರ್ಷವಾಗಿದೆ, ಅದೇನೂ ಕೆಟ್ಟಿಲ್ಲ. ಆದರೆ ಸಕ್ಕರೆ ಕಾಯಿಲೆಯಿಂದ ಕಣ್ಣಿನ ಹಿಂಬದಿಯ ಅಕ್ಷಿಪಟಲ ದುರ್ಬಲವಾಗಿದೆ. ಬಿಳಿ ಹಾಳೆಯ ಮೇಲಿನ ಕಪ್ಪು ಅಕ್ಷರವನ್ನು ಓದುತ್ತಾಳೆ. ಬಿಳಿ ಗೋಡೆಯ ಮೇಲಿನ ಬಿಳಿ ಸ್ವಿಚ್, ಕೆನೆ ಬಣ್ಣದ ನೆಲದಲ್ಲಿ ಕೆನೆ ಬಣ್ಣದ ಮೆಟ್ಟಿಲು ಮಾತ್ರ ಕಾಣುವುದಿಲ್ಲ. ಔಷಧ ಬರೆದುಕೊಟ್ಟ ಡಾಕ್ಟರು, ‘ಮನೇಲಿ ಒಂದರ ಪಕ್ಕ ಇನ್ನೊಂದು ಎದ್ದು ಕಾಣೋ ಹಾಗೆ ಬಣ್ಣ ಮಾಡಿಸಿ’ ಎಂದರು.

ಕಾಯಿಲೆ ಇಲ್ಲದಿದ್ದರೂ ವಯಸ್ಸಾದ ಕಣ್ಣು ಬೇರೆಯೇ. ಕಣ್ಣಿನ ಮಸೂರ ವರ್ಷ ಕಳೆದಂತೆ ಹಳದಿಯಾಗುತ್ತದೆ, ಪಾಪೆ ಕಿರಿದಾಗುತ್ತದೆ. ಇಪ್ಪತ್ತರ ಹರೆಯದಲ್ಲಿ ಒಳಗೆ ತಲುಪುತ್ತಿದ್ದ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಅರವತ್ತರಲ್ಲಿ ತಲುಪುತ್ತದೆ. ಕಡು ನೀಲಿ, ಕಪ್ಪು, ಕಡು ಹಸಿರು ಒಂದೇ ಹಾಗೆ ಕಾಣತೊಡಗುತ್ತವೆ. ತಾತ ಒಂದು ಕಾಲಿಗೆ ನೀಲಿ, ಇನ್ನೊಂದಕ್ಕೆ ಕಪ್ಪು ಕಾಲುಚೀಲ ಹಾಕಿಕೊಂಡರೆ ನಗಬೇಡಿ ಮಕ್ಕಳೇ, ಕಾರಣ ಇದು.

ಯೋಚಿಸಿ ನೋಡಿದರೆ ನಮ್ಮ ಹಳೆಯ ಮನೆಗಳಲ್ಲಿ ಈ ತೊಂದರೆ ಕಡಿಮೆ. ನೆಲ ಕೆಂಪು ಗಾರೆ, ಗೋಡೆ ಸುಣ್ಣದ ಬಿಳುಪು, ಬಾಗಿಲು ಕಪ್ಪು ಮರ. ಹೊಸ್ತಿಲಿಗೆ ಅರಿಶಿನ, ಅದರ ಮುಂದೆ ರಂಗೋಲಿ. ಶಾಸ್ತ್ರ ಏನೇ ಇರಲಿ, ಮಬ್ಬುಗತ್ತಲಲ್ಲೂ ಹೊಸ್ತಿಲು ಇಲ್ಲಿದೆ ಎಂದು ಅರಿಶಿನ ಹೇಳುತ್ತಿತ್ತು. ಬಣ್ಣವೆಂದರೆ ಅಲಂಕಾರಕ್ಕಿಂತ ಮೊದಲು ಗುರುತು. ನಾನು ಬ್ಯಾಂಕಿನಲ್ಲಿದ್ದಾಗ ಲಕೋಟೆಗಳಿಗೆ ಕೆಂಪು ಅರಗಿನ ಮುದ್ರೆ ಒತ್ತುತ್ತಿದ್ದೆವು. ಒಡೆದಿದ್ದರೆ ಥಟ್ಟನೆ ಕಾಣಬೇಕಲ್ಲ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆ ಆರಂಭವಾಯಿತು. ಇಂದಿನ ಮೈಸೂರು ಪೇಂಟ್ಸ್ ಅದೇ. 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಅಲ್ಲಿಂದಲೇ ಬರುತ್ತದೆ. ಅದೂ ಒಂದು ಗುರುತೇ.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ‘ಯಾರಿಗೆ ಯಾವ ಬಣ್ಣ ಇಷ್ಟ’ ಎಂಬ ಪ್ರಶ್ನೆಯ ಜೊತೆಗೆ ‘ಈ ಕೋಣೆಯಲ್ಲಿ ಯಾರು, ಯಾವ ಹೊತ್ತಿನಲ್ಲಿ ಓಡಾಡುತ್ತಾರೆ’ ಎಂಬ ಪ್ರಶ್ನೆಯೂ ಸೇರಿತು. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಕಂಡ ಬಣ್ಣ ಮನೆಯಲ್ಲಿ ಹಾಗೇ ಕಾಣುವುದಿಲ್ಲ. ನಾಲ್ಕು ಗೋಡೆಗೂ ಬಳಿದಾಗ ಒಂದರ ಬಣ್ಣ ಇನ್ನೊಂದರ ಮೇಲೆ ಬಿದ್ದು, ಕಾರ್ಡಿನಲ್ಲಿದ್ದುದಕ್ಕಿಂತ ಗಾಢವಾಗುತ್ತದೆ. ಅದಕ್ಕೇ ಸಣ್ಣ ಡಬ್ಬಗಳನ್ನು ತಂದು ಗೋಡೆಯ ಮೇಲೆ ಎರಡಡಿ ಚೌಕಗಳನ್ನು ಬಳಿಸಿದೆವು. ಬೆಳಿಗ್ಗೆ, ಮಧ್ಯಾಹ್ನ, ದೀಪ ಹಚ್ಚಿದ ಮೇಲೆ, ಹೀಗೆ ಮೂರು ಹೊತ್ತು ಅಜ್ಜಿಯನ್ನು ನಿಲ್ಲಿಸಿ ಕೇಳಿದೆವು. ಅಂಕ ಬರೆದುಕೊಂಡವಳು ಮೊಮ್ಮಗಳು.

ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಂಡೆವು. ಉತ್ತರದ ಕೋಣೆಗೆ ಬಿಸಿಲೇ ಬರುವುದಿಲ್ಲ ಎಂದು ಬಹಳ ಜನ ಹೇಳುತ್ತಾರೆ. ನಮ್ಮೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರ ಒಂದು ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಬಂದು, ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಅದು ಶೂನ್ಯ ನೆರಳಿನ ದಿನ. ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕಿರುತ್ತಾನೆ. ಉಳಿದ ತಿಂಗಳು ಮಾತ್ರ ಉತ್ತರದ ಕೋಣೆ ಮಂಕು. ನಮ್ಮ ಮಲಗುವ ಕೋಣೆ ಅದೇ ಆದ್ದರಿಂದ ಅದಕ್ಕೆ ಬೆಣ್ಣೆಯಂಥ ತಿಳಿ ಹಳದಿ. ಪಡುವಣ ಬಿಸಿಲು ಹೊಡೆಯುವ ನಡುಮನೆಗೆ ತಿಳಿ ಹಸಿರು. ಎರಡಕ್ಕೂ ಹೊಳಪಿಲ್ಲದ ಬಣ್ಣ. ಹೊಳೆಯುವ ಗೋಡೆಯಿಂದ ದೀಪ ಪ್ರತಿಫಲಿಸಿದರೆ ಹಿರಿಯರ ಕಣ್ಣು ಕೋರೈಸುತ್ತದೆ.

ಬಾಗಿಲ ಚೌಕಟ್ಟುಗಳಿಗೆ ಕಾಫಿ ಬೀಜದ ಕಂದು. ನೆಲ, ಗೋಡೆ ಸೇರುವ ಕಡೆ ನಾಲ್ಕು ಬೆರಳಗಲ ಕೆಮ್ಮಣ್ಣಿನ ಬಣ್ಣದ ಪಟ್ಟೆ. ಸ್ವಿಚ್ ಬೋರ್ಡಿನ ಸುತ್ತ ಅದೇ ಕಂದಿನ ಚೌಕ. ಬಚ್ಚಲು ಮನೆಯ ಮೆಟ್ಟಿಲಂಚಿಗೆ ಅರಿಶಿನದ ಹಳದಿ, ಅದೂ ಜಾರದ ಬಣ್ಣದಲ್ಲಿ. ಬಣ್ಣವೊಂದರಿಂದಲೇ ಎಲ್ಲ ಆಗದೆಂದು ಪಕ್ಕದಲ್ಲಿ ಹಿಡಿಗಂಬಿ, ರಾತ್ರಿಗೊಂದು ಪುಟ್ಟ ದೀಪ. ಮೊಮ್ಮಗನ ಕಡು ನೀಲಿಗೆ ಓದುವ ಕೋಣೆಯ ಒಂದು ಗೋಡೆ ಸಿಕ್ಕಿತು. ಗುಲಾಬಿ ಪುಸ್ತಕದ ಕಪಾಟಿಗೆ ಹೋಯಿತು. ಮಗನ ಬೂದು ಗೇಟಿಗೆ. ಸೊಸೆಯ ಬಿಳಿ ಎಲ್ಲ ಕೋಣೆಗಳ ತಾರಸಿಯ ಒಳಮೈಗೆ. ಬಿದ್ದ ಬೆಳಕನ್ನೆಲ್ಲ ಅದು ಕೆಳಗೆ ಕಳಿಸುತ್ತದೆ.

ಲೆಕ್ಕ ನನ್ನ ಪಾಲಿಗೆ ಬಂತು. ನಾನು ಮೊಮ್ಮಗನ ಕೈಯಲ್ಲಿ ಮಾಡಿಸಿದೆ. ಕೋಣೆ 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ. ನಾಲ್ಕು ಗೋಡೆ ಸೇರಿ 440 ಚದರಡಿ. ಬಾಗಿಲು 21, ಎರಡು ಕಿಟಕಿ 32, ಕಳೆದರೆ 387. ಎರಡು ಕೋಟಿಗೆ ಒಂದು ಲೀಟರು 130 ಚದರಡಿ ಬರುತ್ತದೆಂದು ಹಿಡಿದರೆ ಹತ್ತಿರ ಹತ್ತಿರ 3 ಲೀಟರು. ನಾಲ್ಕು ಲೀಟರಿನ ಡಬ್ಬ ತಂದು, ಉಳಿದದ್ದನ್ನು ಮುಂದೆ ಕಲೆ ಮುಚ್ಚಲು ಭದ್ರವಾಗಿ ಇಟ್ಟೆವು. ಡಬ್ಬದ ಮೇಲೆ ಕೋಣೆಯ ಹೆಸರು, ಶೇಡ್ ನಂಬರು ಬರೆದದ್ದು ಮಾತ್ರ ಈ ಹಳೇ ಗುಮಾಸ್ತ.

ಇನ್ನೊಂದು ಮಾತು, ಮೊಮ್ಮಕ್ಕಳಿರುವ ಮನೆಯವರಿಗೆ. ಹಳೆಯ ಎಣ್ಣೆ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಇದೆ. ಅದರ ಪುಡಿ ಮಕ್ಕಳ ಮಿದುಳಿಗೆ ಕೆಟ್ಟದ್ದು. ಮನೆ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಪಾಲು ಮೀರಬಾರದೆಂಬ ಕೇಂದ್ರ ಸರ್ಕಾರದ 2016ರ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದಿನ ಕಿಟಕಿ, ಬಾಗಿಲನ್ನು ಒಣಗಿದ ಹಾಗೇ ಉಪ್ಪು ಕಾಗದದಲ್ಲಿ ಉಜ್ಜಿಸಬೇಡಿ. ಒದ್ದೆ ಮಾಡಿ ಉಜ್ಜಿಸಿ, ಮಕ್ಕಳನ್ನು ದೂರವಿಡಿ, ಧೂಳನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಹೊಸ ಡಬ್ಬದ ಮೇಲೆ ಸೀಸದ ವಿಷಯ ಏನು ಬರೆದಿದೆ ಎಂದು ಓದಿ ಕೊಳ್ಳಿ.

ಬಣ್ಣ ಒಣಗಿ ಎರಡು ತಿಂಗಳಾಯಿತು. ನನ್ನ ಹೆಂಡತಿ ಈಗ ಮಲಗುವ ಮುನ್ನ ತಂಬಿಗೆ ನೀರು ತಲೆದೆಸೆಯಲ್ಲಿ ಇಟ್ಟುಕೊಳ್ಳುತ್ತಾಳೆ. ಬೆಳಿಗ್ಗೆ ಅದು ಖಾಲಿಯಾಗಿರುತ್ತದೆ.

ಮಕ್ಕಳೇ, ನಿಮ್ಮ ಮನೆಗೂ ಬಣ್ಣ ಬಳಿಸುವ ಮಾತು ಬಂದಾಗ ಶೇಡ್ ಕಾರ್ಡ್ ಬಿಚ್ಚುವ ಮೊದಲು ಒಂದು ಕೆಲಸ ಮಾಡಿ. ಹಳೆಯ ಗೋಡೆಗಳ ಮೇಲೆ ಎಲ್ಲೆಲ್ಲಿ ಕೈ ಗುರುತು ಇದೆ, ಅದು ಯಾರದು ಎಂದು ನೋಡಿ ಬರೆದಿಡಿ. ಅಜ್ಜಿ, ತಾತನನ್ನು ಕೇಳಿದರೆ ‘ಯಾವುದಾದ್ರೂ ಆದೀತು ಮಗಾ’ ಎಂದೇ ಹೇಳುತ್ತಾರೆ. ಅದನ್ನು ನಂಬಬೇಡಿ.